ಪಿಸುಮಾತು ಕಂಡರಾಗದ ಮನುಷ್ಯ

ಅವರು ಬದುಕಿದ್ದಷ್ಟು ದಿನ ನಂಜನಗೂಡಿನ ನಮ್ಮ ಬೀದಿಯಲ್ಲಿ ಗುಟ್ಟು ಅನ್ನುವುದೊಂದು ಇರಲೇ ಇಲ್ಲ. ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರ ಮನೆಯ ಗ್ಯಾಸ್ ಮುಗಿಯಿತು, ಯಾರ ಅಳಿಯ ಮುನಿಸಿಕೊಂಡು ಎಲೆ ಮುಂದಿನಿಂದ ಎದ್ದು ಹೋದ, ಎಲ್ಲವೂ ಬೆಳಗಿನ ಹಾಲು ಬರುವ ಹೊತ್ತಿಗೆ ಬೀದಿಗೆಲ್ಲ ತಿಳಿದಿರುತ್ತಿತ್ತು. ಹಾಗಂತ ಅವರು ಚಾಡಿಕೋರರಲ್ಲ. ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ, ಅಷ್ಟೆ. ದುಡಿಯುವ ವಯಸ್ಸನ್ನೆಲ್ಲ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಕಳೆದವರು. ಎಂಜಿನ್ನಿನ ಸದ್ದಿನ ಮೇಲೆ ಊರುಗಳ ಹೆಸರು ಕೂಗಿ ಕೂಗಿ ಅವರ ಮಾತಿಗೆ ಇದ್ದದ್ದು ಒಂದೇ ಎತ್ತರ.

ಹೋದ ತಿಂಗಳು ತೀರಿಕೊಂಡರು. ಹನ್ನೊಂದನೆಯ ದಿನದ ಊಟಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಕೂತವರೆಲ್ಲ ಪಕ್ಕದವರ ಕಿವಿಗೆ ಬಾಯಿಟ್ಟು ಗುಸುಗುಸು ಅನ್ನುತ್ತಿದ್ದರು. ನನಗೆ ರೇಗಿಹೋಯಿತು. ಈ ಮನುಷ್ಯನ ತಿಥಿಯಲ್ಲಿ ಗುಸುಗುಸು ಅನ್ನುವುದೆಂದರೇನು! ಎದ್ದು ನಿಂತು ಇಡೀ ಚಪ್ಪರಕ್ಕೆ ಕೇಳುವ ಹಾಗೆ ಅವರ ಕಥೆ ಹೇಳಿಬಿಡೋಣ ಅನ್ನಿಸಿತು. ಅಲ್ಲಿ ಧೈರ್ಯ ಬರಲಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ನಮ್ಮ ಬೀದಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. ಎಲ್ಲರಿಗೂ ಕಂಡಕ್ಟರಣ್ಣ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ನಾನು ಅವರಿಗೆ ಟೀಚ್ರಮ್ಮ. ನಮ್ಮೆರಡು ಮನೆಗಳ ನಡುವೆ ಇದ್ದದ್ದು ಎದೆ ಮಟ್ಟದ ಒಂದು ಗೋಡೆ. ಆ ಗೋಡೆ ಅವರ ಮಾತನ್ನು ತಡೆದದ್ದು ನನಗೆ ನೆನಪಿಲ್ಲ.

ಆಳು ಗಿಡ್ಡ, ಬಣ್ಣ ಎಣ್ಣೆಗಪ್ಪು. ಎರಡು ಕಾಲನ್ನೂ ಅಗಲಿಸಿಕೊಂಡು ನಿಲ್ಲುತ್ತಿದ್ದರು. ನೆಲ ಯಾವಾಗ ಬೇಕಾದರೂ ತಿರುವು ತೆಗೆದುಕೊಳ್ಳಬಹುದು ಅನ್ನುವ ಅನುಮಾನ ಆ ಕಾಲುಗಳಿಗೆ ನಿವೃತ್ತಿಯಾದ ಮೇಲೂ ಹೋಗಿರಲಿಲ್ಲ. ಸೊಪ್ಪು ಕೊಳ್ಳುವಾಗಲೂ ನೋಟುಗಳನ್ನು ಉದ್ದಕ್ಕೆ ಮಡಿಸಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದರು. ಮದುವೆಗಳಲ್ಲಿ ಊಟದ ಹಾಲಿನ ಬಾಗಿಲಿಗೆ ಅವರನ್ನು ನಿಲ್ಲಿಸಿದರೆ ಸಾಕು, ಹೆಣ್ಣಿನ ಕಡೆಯವರು ನಿಶ್ಚಿಂತೆಯಾಗಿ ಕೂರಬಹುದಿತ್ತು. "ಮುಂದಕ್ ನಡೀರಿ, ಮುಂದಕ್ ನಡೀರಿ, ಒಳಗ್ ಜಾಗ ಅದೆ! ಅಲ್ಲೇ ನಿಂತ್ಕಂಡ್ರೆ ಇಂದಿರೋರ್ ಏನ್ ಗಾಳಿ ಉಣ್ತಾರಾ?" ಮಂತ್ರಿಗಳು ಬಂದರೂ ಅದೇ ಮಾತು, ಮಂತ್ರಿಗಳ ಡ್ರೈವರ್ ಬಂದರೂ ಅದೇ ಮಾತು.

ಇಂಥವರಿಗೆ ಒಂದೇ ಒಂದು ವಿಷಯಕ್ಕೆ ಕೆಂಡದಂಥ ಸಿಟ್ಟು ಬರುತ್ತಿತ್ತು. ವಯಸ್ಸಾದವರ ಕಿವಿಯಲ್ಲಿ ಯಾರೂ ಪಿಸುಗುಟ್ಟಬಾರದು.

ಎದುರು ಮನೆಯ ಅಜ್ಜಿಯ ಪ್ರಸಂಗ ಹೇಳುತ್ತೇನೆ. ಒಂದು ಮಧ್ಯಾಹ್ನ ಟೈ ಕಟ್ಟಿದ ಒಬ್ಬಾತ ಬಂದು ಜಗಲಿಯ ಮೇಲೆ ಅಜ್ಜಿಗೆ ಅಂಟಿಕೊಂಡು ಕೂತ. ಬ್ಯಾಗಿನಿಂದ ಬಣ್ಣದ ಕಾಗದ ತೆಗೆದ. ದನಿ ತಗ್ಗಿಸಿ ಏನೋ ಹೇಳತೊಡಗಿದ. ಅಜ್ಜಿ ತಲೆ ಆಡಿಸುತ್ತಿದ್ದರು. ಈ ಕಡೆಯಿಂದ ಕಂಡಕ್ಟರಣ್ಣನ ದನಿ ಬೀದಿ ದಾಟಿ ಹೋಯಿತು.

"ಏನ್ ಸಾ, ಜೋರಾಗ್ ಯೋಳಿ ಸಾ!"

"ಏನಿಲ್ಲ ಅಂಕಲ್, ಅಜ್ಜಿ ಹತ್ರ ಸ್ವಲ್ಪ ಪರ್ಸನಲ್ ಆಗಿ..."

"ಪರ್ಸನಲ್ಲಾ? ಈ ಬೀದೀಲಿ ಪರ್ಸನಲ್ ಅಂದ್ರೆ ಬಚ್ಚಲುಮನೆ ಒಂದೇ ಕಣಪ್ಪ. ಮಿಕ್ಕಿದ್ದೆಲ್ಲ ಬಯಲು. ಯೋಳು!"

ಅವನು ಹೇಳಲಿಲ್ಲ. ಇವರೇ ಬೀದಿ ದಾಟಿ ಹೋಗಿ ಕಾಗದ ಕಿತ್ತುಕೊಂಡು ಓದಿ, ನಡುಬೀದಿಯಲ್ಲಿ ನಿಂತು ಸಾರಿದರು. "ಕೇಳ್ರಪ್ಪೋ! ಅಜ್ಜಿ ಬ್ಯಾಂಕ್‌ನಲ್ ಇಟ್ಟಿರೋದ್ನೆಲ್ಲ ತಗುದ್ ಪಾಲ್ಸಿಗೆ ಆಕ್ಬೇಕಂತೆ! ಅಜ್ಜಿಗೆ ತೊಂಬತ್ತೈದಾಗೋ ವೊತ್ಗೆ ಡಬಲ್ ಆಗ್ ಬತ್ತದಂತೆ!" ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕದ್ದು ಅಜ್ಜಿ. ಅಷ್ಟು ಹೊತ್ತೂ ಅವರು ತಲೆ ಆಡಿಸಿದ್ದು ಅರ್ಥವಾಗಿ ಅಲ್ಲ, ಆ ಹುಡುಗ ಪಕ್ಕದಲ್ಲಿ ಕೂತು "ಅಜ್ಜಿ, ಅಜ್ಜಿ" ಅಂದದ್ದು ಹಿತವಾಗಿತ್ತಂತೆ. ಟೈನವನು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಓಡಿದ.

ಎಟಿಎಂ ಒಂದರಲ್ಲಿ ಮಾತ್ರ ಅವರ ನಿಯಮ ಉಲ್ಟಾ. ಪೆನ್ಷನ್ ತೆಗೆಯಲು ಬಂದ ಯಜಮಾನರು ಹಿಂದೆ ನಿಂತವನಿಗೆ ನಂಬರ್ ಹೇಳಹೊರಟರೆ, "ಜೋರಾಗೂ ಬ್ಯಾಡ, ಮೆತ್ತಗೂ ಬ್ಯಾಡ, ಬಾಯ್ ಮುಚ್ಕಂಡ್ ಒತ್ತು ಯಜಮಾನ!" ಅಂತ ಹೊರಗಿನಿಂದಲೇ ಗದರುತ್ತಿದ್ದರು. ಪ್ರಪಂಚದಲ್ಲಿ ಗುಟ್ಟಾಗಿ ಇರಬೇಕಾದ್ದು ಅದೊಂದು ನಂಬರ್ ಮಾತ್ರ ಅನ್ನುವುದು ಅವರ ಸಿದ್ಧಾಂತ. ಉಳಿದಂತೆ ಬೀದಿಯ ಮುದುಕ ಮುದುಕಿಯರಿಗೆಲ್ಲ ಒಂದೇ ಪಾಠ: ಯಾರೇ ಬಂದು ಸಹಿ ಕೇಳಲಿ, ಹೆಬ್ಬೆಟ್ಟು ಕೇಳಲಿ, ಮೊದಲು ಜಗಲಿಗೆ ಬಂದು, ಏನು ಕೊಡುತ್ತಿದ್ದೇನೆ, ಯಾರಿಗೆ, ಯಾತಕ್ಕೆ ಅಂತ ಸ್ವಂತ ಬಾಯಲ್ಲಿ ಜೋರಾಗಿ ಹೇಳಬೇಕು. ಆಮೇಲೆ ಬೇಕಾದ್ದು ಮಾಡಿಕೊಳ್ಳಿ.

ಈ ಹುಚ್ಚು ಯಾಕೆ ಅಂತ ಒಮ್ಮೆ ಗೋಡೆಗೆ ಒರಗಿ ಕೇಳಿದ್ದೆ. ಹುರಳಿಕಾಯಿ ಬಿಡಿಸುತ್ತಿದ್ದರು. "ನಮ್ಮವ್ವಂಗೆ ಕಿವೀಲಿ ಯೋಳಿ ಎಬ್ಬೆಟ್ ಒತ್ತಿಸ್ಕಂಡ್ರು ಟೀಚ್ರಮ್ಮ. ಸ್ವಂತ ಮೈದುನ. ಇತ್ಲು, ಮನೆ, ಬಾವಿ, ಎಲ್ಲಾ. ಜೋರಾಗ್ ಯೋಳಿದ್ರೆ ಅಡಿಗೆಮನೇಲಿದ್ದ ನಂಗ್ ಕೇಳ್ತಿತ್ತು. ಕೇಳಿದ್ರೆ ಬಿಡ್ತಿರ್ಲಿಲ್ಲ," ಅಂದರು. ಅಷ್ಟೇ ಹೇಳಿ ಹುರಳಿಕಾಯಿಯ ನಾರು ತೆಗೆಯುತ್ತಾ ಕೂತರು.

ಈಗ ನನ್ನ ಅತ್ತೆಯ ವಿಷಯ. ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಮದುವೆಯಾಗಿ ಹುಲ್ಲಹಳ್ಳಿಗೆ ಹೋದವರು. ಮಕ್ಕಳಾಗಲಿಲ್ಲ. ಮಾವ ತೀರಿಕೊಂಡು ಎಷ್ಟೋ ವರ್ಷವಾಯಿತು. ನಾಲೆ ನೀರಿನ ಒಂದು ತುಂಡು ಗದ್ದೆ ಅವರ ಹೆಸರಿನಲ್ಲಿತ್ತು. ಅದನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ ಕೊಟ್ಟು, ಬಂದ ಭತ್ತದಲ್ಲಿ ಉಂಡು, ಎರಡು ಹಸು ಕಟ್ಟಿಕೊಂಡು ಯಾರ ಹಂಗೂ ಇಲ್ಲದೆ ಇದ್ದರು. "ಬಾ, ನನ್ನ ಜೊತೆ ಇರು" ಅಂದರೆ, "ನಿನ್ ಮನೇಲಿ ಅಸುಗೆ ಎಲ್ ಕಟ್ತೀಯೆ?" ಅನ್ನುವರು.

ತವರಿನ ಕಡೆ ಅವರಿಗೆ ಉಳಿದಿದ್ದವರು ನಾನು, ಮತ್ತು ಚಿಕ್ಕಯ್ಯನಛತ್ರದಲ್ಲಿರುವ ನನ್ನ ಚಿಕ್ಕಪ್ಪನ ಮಗ. ಆ ನನ್ನ ತಮ್ಮ ನೋಡಲು ಚೆಂದ, ಮಾತು ಇನ್ನೂ ಚೆಂದ. "ಅತ್ತೆ, ನೀನ್ ನಮ್ಮಪ್ಪನ್ ಥರಾನೇ ಇದೀಯ" ಅಂತ ಕೈ ಹಿಡಿದುಕೊಳ್ಳುವನು. ಮೊದಲು ಪಿಂಚಣಿಯ ಎಟಿಎಂ ಕಾರ್ಡು ಅವನ ಜೇಬಿಗೆ ಹೋಯಿತು, "ನೀನ್ ಯಾಕೆ ಬಿಸಿಲಲ್ ತಿರುಗ್ತೀಯ" ಅಂತ. ಆಮೇಲೆ ಅತ್ತೆಯ ಎರಡೆಳೆ ಸರ ಹೋಯಿತು, ಅಡವಿಟ್ಟು ಬಿಡಿಸಿಕೊಡುತ್ತೇನೆ ಅಂತ. ನನಗೆ ಗೊತ್ತಾದಾಗಲೆಲ್ಲ ಫೋನಿನಲ್ಲಿ ಅತ್ತೆಯನ್ನು ಕೇಳುತ್ತಿದ್ದೆ. ಮನೆಯ ಮಾತು ಬೀದಿಗೆ ಬೀಳಬಾರದೆಂದು ಹಿತ್ತಿಲಿಗೆ ಹೋಗಿ ಮೆಲ್ಲಗೆ ಕೇಳುತ್ತಿದ್ದೆ.

"ಯಾಕ್ ಟೀಚ್ರಮ್ಮ, ಮೆತ್ತಗ್ ಮಾತಾಡ್ತಿದ್ದೀರಿ?" ಗೋಡೆಯ ಮೇಲೆ ತಲೆ.

"ಏನಿಲ್ಲ ಕಣಣ್ಣ."

"ಏನಿಲ್ದೆ ಇದ್ರೆ ಯಾರೂ ಮೆತ್ತಗ್ ಮಾತಾಡಕಿಲ್ಲ."

ಹೇಳಿಬಿಟ್ಟೆ. ಮರುದಿನವೇ ನನ್ನನ್ನು ಹೊರಡಿಸಿಕೊಂಡು ಹುಲ್ಲಹಳ್ಳಿ ಬಸ್ಸು ಹತ್ತಿದರು. ಅತ್ತೆಯ ಮನೆಯಲ್ಲಿ ಮಜ್ಜಿಗೆ ಕುಡಿದು, ಹಸುವಿನ ಬೆನ್ನು ತಟ್ಟಿ, ಒಂದು ಗಂಟೆ ಅದೂ ಇದೂ ಮಾತಾಡಿದರು. ನನ್ನ ತಮ್ಮನ ಸುದ್ದಿ ಎತ್ತಿದ ಕೂಡಲೇ ಅತ್ತೆ ಮುಖ ಬಿಗಿದುಕೊಂಡರು. "ವಾರಕ್ಕೊಂದ್ ಸಲ ಬಂದು ನನ್ ಮೊಕ ನೋಡೋನು ಅವನೊಬ್ನೇ. ಈ ಸಲ ಗೌರಿ ಅಬ್ಬ ಕಳೀಲಿ, ನಿನ್ ಮಡಿಲು ತುಂಬ್ತೀನಿ ಅತ್ತೆ ಅಂದವ್ನೆ. ನಿಮ್ಗೆ ಗೊತ್ತಾ ಅದು?" ಅಂದರು.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ತವರಿನವರು ಹೆಣ್ಣುಮಗಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಮಡಿಲು ತುಂಬುತ್ತಾರೆ. ನಿನಗೊಂದು ತವರಿದೆ ಅಂತ ಹೇಳುವ ರೀತಿ ಅದು. ಗಂಡ ಸತ್ತವಳಿಗೆ ತುಂಬುವುದಿಲ್ಲ. ಮಾವ ಹೋದ ಮೇಲೆ ನಮ್ಮಪ್ಪನೂ ತುಂಬಲಿಲ್ಲ, ನಮಗೆ ಯಾರಿಗೂ ಅದು ಹೊಳೆಯಲೂ ಇಲ್ಲ. ಹೊಳೆದದ್ದು ಆ ನನ್ನ ತಮ್ಮನೊಬ್ಬನಿಗೇ! ಅವನ ಬುದ್ಧಿಗೆ ಏನನ್ನಬೇಕೋ ನನಗೆ ಇವತ್ತಿಗೂ ತಿಳಿಯದು.

ವಾಪಸು ಬರುವಾಗ ಕಂಡಕ್ಟರಣ್ಣ, "ಕಾರ್ಡು, ಸರ ಎಲ್ಲಾ ಟ್ರಯಲ್ಲು. ಅವನ್ ಕಣ್ಣಿರೋದು ಗದ್ದೆ ಮ್ಯಾಲೆ," ಅಂದರು. ಇಡೀ ಬಸ್ಸಿಗೆ ಕೇಳಿಸಿತು ಅಂತ ಬೇರೆ ಹೇಳಬೇಕಿಲ್ಲವಷ್ಟೆ.

ಗೌರಿ ಹಬ್ಬ ಕಳೆದು ಒಂದು ವಾರವಾಗಿತ್ತು. ನಾನು ಶಾಲೆಗೆ ಹೊರಡುವ ಹೊತ್ತಿಗೆ ಅತ್ತೆಯ ಪಕ್ಕದ ಮನೆಯಾಕೆಯ ಫೋನು. "ಅಕ್ಕಾ, ನಿಮ್ಮತ್ತೇನ ನಿಮ್ಮ ತಮ್ಮ ಕಾರಲ್ಲಿ ಕರ್ಕಂಡೋದ. ನರಸೀಪುರದ ಸಂಗಮದಲ್ಲಿ ಸ್ನಾನ ಮಾಡ್ಸಿ, ಅಲ್ಲೇ ಮಡಿಲು ತುಂಬ್ತಾನಂತೆ. ಅಜ್ಜಿ ಏನ್ ಕುಸಿಯಾಗಿದ್ರು ಅಂತೀರಿ! ಆಧಾರ್ ಕಾರ್ಡು, ಪಾಣಿ ಎಲ್ಲಾ ಎತ್ಕಂಡು ಓದ್ರು." ಪಾಣಿ ಅಂದರೆ ಜಮೀನಿನ ಪಹಣಿ.

ಗಾಬರಿಯಲ್ಲಿ ನಾನು ಅದನ್ನೆಲ್ಲ ಜೋರಾಗಿಯೇ ತಿರುಗಿ ಹೇಳಿದ್ದೆ. ಗೋಡೆಯಾಚೆಯಿಂದ ಪ್ರಶ್ನೆ ಬಂತು. "ಒಳೆಗಿಳಿಯಕೆ ಆಧಾರ್ ಕಾರ್ಡ್ ಯಾಕೆ?"

"ಬಸ್ಸಿನ ಫ್ರೀ ಟಿಕೆಟ್ಟಿಗೆ ಇರಬಹುದೇನೋ ಅಣ್ಣ..."

"ಕಾರಲ್ ಓದ್ಲು ಅಂದ್ರಲ್ಲ ಟೀಚ್ರಮ್ಮ! ಪಾಣಿ ಏನು ಗಂಗಮ್ಮಂಗ್ ತೋರ್ಸಕಾ?" ಆಗಲೇ ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. "ಈಗ ಜಿಲ್ಲೇಲಿ ಯಾವ್ ಆಫೀಸಲ್ ಬೇಕಾದ್ರೂ ರಿಜಿಸ್ಟ್ರಿ ಮಾಡುಸ್ಬೋದು. ನಂಜನಗೂಡಲ್ಲಾದ್ರೆ ಯಾರಾದ್ರೂ ನೋಡ್ತಾರೆ ಅಂತ ಅಲ್ಲಿಗ್ ಓಗವ್ನೆ. ನಡೀರಿ!"

ಆ ಗದ್ದೆ ಹೋದರೆ ಅತ್ತೆಗೆ ಉಣ್ಣುವ ಭತ್ತವಿಲ್ಲ, ಹಸುವಿಗೆ ಹುಲ್ಲಿಲ್ಲ. ಯಾರ ಮುಂದೂ ಕೈಚಾಚದ ಹೆಂಗಸು ಯಾರದೋ ಮನೆಯ ಮೂಲೆ ಸೇರಬೇಕು. ಸ್ಕೂಟರ್ ತೆಗೆಯುತ್ತೇನೆ ಅಂದೆ. "ಬಸ್ಸೇ ಬೇಗ," ಅಂತ ನನ್ನ ರಟ್ಟೆ ಹಿಡಿದು ಎಳೆದುಕೊಂಡೇ ಹೊರಟರು.

ಆ ಬಸ್ ಪ್ರಯಾಣವನ್ನು ನಾನು ಜೀವ ಇರುವವರೆಗೂ ಮರೆಯುವುದಿಲ್ಲ! ಕಂಡಕ್ಟರ್ ಆಗಿದ್ದಾಕೆ ಹೊಸಬಳು, ಚಿಕ್ಕ ವಯಸ್ಸಿನವಳು. ಇವರು ಹತ್ತಿದವರೇ, "ತಾಯಿ, ನೀನ್ ಟಿಕೆಟ್ ಕೊಡು, ಬಾಗ್ಲು ನಂಗ್ ಬುಡು," ಅಂದರು. ಆಮೇಲೆ ಬಸ್ಸಿನ ಮಧ್ಯೆ ಕಾಲಗಲಿಸಿ ನಿಂತು, "ಕೇಳ್ರಪ್ಪೋ, ಕೇಳ್ರವ್ವೋ! ಈ ಟೀಚ್ರಮ್ಮನ ಸೋದ್ರತ್ತೆ ಗದ್ದೇನ ಇವ್ರ ಚಿಕ್ಕಪ್ಪನ್ ಮಗ ಇವತ್ತು ನರಸೀಪುರದಲ್ಲಿ ಬರುಸ್ಕತಾವ್ನೆ. ಮುದುಕಮ್ಮಂಗೆ ಇನ್ನೇನೂ ಇಲ್ಲ. ನಾವು ಬೇಗ ಓಗ್ಬೇಕು. ಇಳಿಯೋರು ಸ್ಟಾಪ್ ಬರೋಕ್ ಮುಂಚೇನೇ ಎದ್ದು ಬಾಗ್ಲಿಗ್ ಬನ್ನಿ!" ಅಂದುಬಿಟ್ಟರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ನಾಲ್ಕು ತಲೆಮಾರಿನಿಂದ ಮುಚ್ಚಿಟ್ಟುಕೊಂಡು ಬಂದ ಮನೆಯ ಮಾನ ಸರ್ಕಾರಿ ಬಸ್ಸಿನಲ್ಲಿ ಹರಾಜಾಯಿತು. ಆದರೆ ನೋಡಿ, ಬಸ್ಸು ಹೇಗೆ ಬದಲಾಯಿತು! ಚೀಲದವರು ಚೀಲ ಎತ್ತಿಕೊಂಡು ಬಾಗಿಲಿಗೆ ಬಂದು ತಯಾರಾಗಿ ನಿಂತರು. ಕೂಸಿದ್ದವಳ ಕೂಸನ್ನು ಒಬ್ಬ ಯಜಮಾನರು ಇಳಿದು ನಿಂತು ಕೈಗೆ ಕೊಟ್ಟು ಮತ್ತೆ ಹತ್ತಿದರು. ಬಸ್ಸು ನಿಲ್ಲುವುದರೊಳಗೆ ಇಳಿಸಿ, ಹತ್ತಿಸಿ, ಬಾಗಿಲು ಬಡಿಯುತ್ತಿದ್ದರು ನಮ್ಮ ಕಂಡಕ್ಟರಣ್ಣ. ಡ್ರೈವರ್ ಕನ್ನಡಿಯಲ್ಲಿ ನೋಡಿ ನಗುತ್ತಾ ಆಕ್ಸಿಲರೇಟರ್ ತುಳಿದ. "ನಮ್ಮತ್ತೆಗೂ ಇಂಗೇ ಮಾಡುದ್ರು ಕಣವ್ವ," ಅಂತ ವೀಳ್ಯದೆಲೆಯ ಕುಕ್ಕೆಯ ಹೆಂಗಸು ನನ್ನ ಕೈ ಹಿಡಿದುಕೊಂಡಳು. ಹಿಂದಿನ ಸೀಟಿನವರು ಅವರ ಚಿಕ್ಕಪ್ಪನ ಕಥೆ ಹೇಳಿದರು. ಪ್ರತಿಯೊಂದು ಮನೆಯಲ್ಲೂ ಒಂದೊಂದು ಇದೆ, ಪ್ರತಿಯೊಬ್ಬರೂ ಮಾನಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದಾರೆ. ನನ್ನ ನಾಚಿಕೆ ಅರ್ಧ ದಾರಿಯಲ್ಲೇ ಎಲ್ಲೋ ಇಳಿದು ಹೋಯಿತು.

ನರಸೀಪುರದಲ್ಲಿ ಇಳಿದಾಗ ನಮ್ಮ ಜೊತೆ ಆರೇಳು ಜನ ಸಬ್ ರಿಜಿಸ್ಟ್ರಾರ್ ಆಫೀಸಿನ ಕಡೆಗೇ ತಿರುಗಿದರು. ವೀಳ್ಯದೆಲೆಯವಳೂ ಕುಕ್ಕೆ ಹೊತ್ತುಕೊಂಡೇ ಬಂದಳು. "ವ್ಯಾಪಾರ ದಿನಾ ಇದ್ದದ್ದೇ" ಅಂದಳು.

ಆಫೀಸಿನ ಹಾಲಿನ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ತಲೆ ಇನ್ನೂ ಒದ್ದೆ. ಕೆಂಪಂಚಿನ ಹೊಸ ಸೀರೆ. ಸೆರಗಿನಲ್ಲಿ ಕಟ್ಟಿದ ಮಡಿಲಕ್ಕಿಯನ್ನು ಎರಡು ಕೈಯಿಂದ ಹೊಟ್ಟೆಗೆ ಅವುಚಿಕೊಂಡಿದ್ದರು. ಮುಖ ಹೊಳೆಯುತ್ತಿತ್ತು. ಅಷ್ಟು ಸಂತೋಷವಾಗಿದ್ದ ಅತ್ತೆಯನ್ನು ನಾನು ಕಂಡದ್ದೇ ಇಲ್ಲ. ನನ್ನ ತಮ್ಮ ಅವರ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದ. ನಮ್ಮನ್ನು ಕಂಡವನೇ ಬಿಳಿಚಿಕೊಂಡ.

ಈಗ ಕೂಗುತ್ತಾರೆ, ಈಗ ಆಫೀಸಿನ ಗಾಜು ಒಡೆಯುತ್ತದೆ ಅಂತ ನಾನು ಕಾದೆ. ಕಂಡಕ್ಟರಣ್ಣ ಕೂಗಲಿಲ್ಲ. ಅತ್ತೆಯ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು.

"ಅವ್ವ, ಏನ್ ಮಾಡಕ್ ಬಂದಿದ್ದೀಯೆ?"

"ಗದ್ದೆ ಬರ್ಕೊಡಕೆ," ಅಂದರು ಅತ್ತೆ.

ಗೊತ್ತಿತ್ತು! ಅತ್ತೆಗೆ ಎಲ್ಲ ಗೊತ್ತಿತ್ತು. ಪಿಂಚಣಿಗೆ ಅಂತಲೋ ಸಾಲಕ್ಕೆ ಅಂತಲೋ ಸುಳ್ಳು ಹೇಳಿ ಕರೆತಂದಿದ್ದಾನೆ ಅಂದುಕೊಂಡು ನಾವು ಓಡಿ ಬಂದರೆ, ಈಕೆ ಮನಸಾರೆ ಕೊಡಲು ಕೂತಿದ್ದಾರೆ. ತಮ್ಮ ಎದೆ ಸೆಟೆಸಿದ. "ಕೇಳಿದ್ಯಾ ಅಕ್ಕ? ಅತ್ತೆ ಇಷ್ಟಪಟ್ಟು ಕೊಡ್ತಿರೋದು. ನಿಮ್ಗೇನ್ ಬಂತು?"

ಕಂಡಕ್ಟರಣ್ಣ ಸುತ್ತ ನೆರೆದಿದ್ದವರ ಮೇಲೆ ಒಮ್ಮೆ ಕಣ್ಣಾಡಿಸಿದರು. ಆಮೇಲೆ, "ಸರಿ ಕಣವ್ವ, ಕೊಡು. ನಿಂದು, ನಿನ್ನಿಷ್ಟ. ಬ್ಯಾಡ ಅನ್ನಕೆ ನಾವ್ಯಾರು? ಆದ್ರೆ ಕಳ್ಳರಂಗೆ ಯಾಕ್ ಕೊಡ್ತೀಯೆ? ಇಷ್ಟ್ ಜನ ಅವ್ರೆ. ಎದ್ ನಿಂತ್ಕಂಡು ಜೋರಾಗ್ ಯೋಳಿ ಕೊಡು. ಏನ್ ಕೊಡ್ತೀಯೆ, ಯಾರ್ಗೆ ಕೊಡ್ತೀಯೆ, ಯಾಕೆ ಕೊಡ್ತೀಯೆ," ಅಂದರು.

ಅತ್ತೆ ಹೊಸ ಸೀರೆ ಉಟ್ಟಿದ್ದರು, ಮಡಿಲು ತುಂಬಿತ್ತು, ನಾಲ್ಕು ಜನಕ್ಕೆ ಹೇಳಿಕೊಳ್ಳುವ ಆಸೆ ಅವರಿಗೂ ಇತ್ತೇನೋ. ಎದ್ದು ನಿಂತರು. "ಉಲ್ಲಳ್ಳಿ ನಾಲೆ ಕೆಳಗಿನ್ ನನ್ ಗದ್ದೇನ ನನ್ ತಮ್ಮನ್ ಮಗಂಗೆ ಕೊಡ್ತಿವ್ನಿ. ನನ್ ಮಡಿಲು ತುಂಬವ್ನೆ. ನಾನ್ ಸಾಯೋಗಂಟ ಗದ್ದೆ ಭತ್ತ ನಂಗೇ ಕೊಟ್ಟು, ನನ್ನ ನೋಡ್ಕತಾನೆ. ಗದ್ದೆ ಮಾರಾಕಿಲ್ಲ ಅಂತ ಮಾತ್ ಕೊಟ್ಟವ್ನೆ," ಅಂದರು. ಆಮೇಲೆ ಹೆಮ್ಮೆಯಿಂದ ಅವನ ಕಡೆ ತಿರುಗಿ, "ಯೋಳ್ಲಾ ಮಗ, ನೀನೂ ಯೋಳು," ಅಂದರು.

ಅವನು ಅಂಗಿಯ ಕಾಲರ್ ಸರಿಮಾಡಿಕೊಂಡ. "ಅದೆಲ್ಲಾ ಮನೇಲ್ ಮಾತಾಡಾಣ ಬಾ ಅತ್ತೆ."

"ಮನೇಲಿ ದಿನಾ ಯೋಳ್ತಿದ್ದಲ್ಲ. ಇಲ್ ಯೋಳಕ್ ಏನು?"

"ಯೋಳಪ್ಪ, ಯೋಳು!" ವೀಳ್ಯದೆಲೆಯವಳು. "ಜೋರಾಗ್ ಯೋಳು!" ಬಸ್ಸಿನಿಂದ ಬಂದ ಯಜಮಾನರು. ತಮ್ಮ ತಮ್ಮ ಕೆಲಸಕ್ಕೆ ಬಂದವರೂ ಸುತ್ತ ಸೇರಿದರು. ಗದ್ದಲ ಕೇಳಿ ಒಳಗಿನ ಕೋಣೆಯಿಂದ ಅಧಿಕಾರಿಣಿ ಎದ್ದು ಬಂದರು. ಕನ್ನಡಕ ಏರಿಸಿ ಪತ್ರ ನೋಡಿ, "ಅಜ್ಜಿ, ನೀವು ಹೇಳಿದ್ದು ಯಾವುದೂ ಇದರಲ್ಲಿ ಇಲ್ಲ. ಬರೀ ದಾನ ಅಂತ ಇದೆ. ನಿಮ್ಮನ್ನ ನೋಡ್ಕೊಳ್ಳಬೇಕು, ಮಾರಬಾರದು ಅಂತಿದ್ದರೆ ಅದನ್ನೂ ಷರತ್ತು ಅಂತ ಬರೆಸಿಕೊಂಡು ಬನ್ನಿ. ಆಮೇಲೆ ಮಾಡೋಣ," ಅಂದರು.

ಆಗಲೇ ನಡೆದದ್ದು ಅದು! ಕಿಟಕಿಯ ಹತ್ತಿರ ಚರ್ಮದ ಬ್ಯಾಗು ಹಿಡಿದುಕೊಂಡು ಒಬ್ಬ ಆಸಾಮಿ ಇಷ್ಟು ಹೊತ್ತೂ ನಮಗೆ ಸಂಬಂಧವಿಲ್ಲದವನಂತೆ ಕೂತಿದ್ದ. ಷರತ್ತು ಅಂದ ಕೂಡಲೇ ತಟ್ಟನೆ ಎದ್ದ. ನನ್ನ ತಮ್ಮನ ಮುಂದೆ ಬಂದು, "ಏನ್ರೀ, ಷರತ್ತಿರೋ ಜಮೀನ್ ನಂಗ್ ಬೇಡ ಕಣ್ರೀ. ಕ್ಲಿಯರ್ ಆಗಿದ್ರೆ ಮಾತ್ರ ಅಂತ ಮೊದ್ಲೇ ಹೇಳಿದ್ದೆ. ನನ್ ಅಡ್ವಾನ್ಸ್ ವಾಪಸ್ ಕೊಡಿ," ಅಂದ.

ಅತ್ತೆ ಅವನನ್ನು ನೋಡಿದರು. ನಿಜವಾಗಿ ಅರ್ಥವಾಗದೆ ಕೇಳಿದರು. "ನನ್ ಗದ್ದೆ ನಿಂಗ್ಯಾಕಪ್ಪ? ನಾನ್ ಇವಂಗ್ ತಾನೆ ಕೊಡ್ತಿರೋದು?"

ನನ್ನ ತಮ್ಮ ನೆಲ ನೋಡುತ್ತಿದ್ದ. ಅತ್ತೆ ಅವನ ಮುಖವನ್ನು, ಬ್ಯಾಗಿನವನ ಮುಖವನ್ನು, ಮತ್ತೆ ಅವನ ಮುಖವನ್ನು ನೋಡಿದರು. ಆಮೇಲೆ ಮಡಿಲಿನ ಗಂಟನ್ನು ಬಿಗಿಮಾಡಿಕೊಂಡು, "ನಡಿಯೇ, ಮನೇಗ್ ಓಗವ," ಅಂತ ನನ್ನ ಹೆಗಲು ಹಿಡಿದರು.

ಹೊರಗೆ ಬಂದರೆ ಜನ ಚಪ್ಪಾಳೆ ಹೊಡೆಯುವುದೊಂದು ಬಾಕಿ. ವೀಳ್ಯದೆಲೆಯವಳು ಒಂದು ಕಟ್ಟು ಎಲೆಯನ್ನು ಅತ್ತೆಯ ಕೈಗೆ ತುರುಕಿದಳು. ಎಳನೀರು ಬಂತು. ಬಸ್ಸಿನ ಯಜಮಾನರು ಕಂಡಕ್ಟರಣ್ಣನ ಬೆನ್ನು ಗುದ್ದಿದರು. ನನಗೂ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. 'ಗೆದ್ದೆವು, ಗೆದ್ದೆವು' ಅಂತ ಕುಣಿಯುವ ಹಾಗಾಗುತ್ತಿತ್ತು. ಗದ್ದೆ ಉಳಿಯಿತು, ಇವತ್ತಿಗೂ ಅದು ಅತ್ತೆಯ ಹೆಸರಿನಲ್ಲೇ ಇದೆ.

ವಾಪಸು ಬಸ್ಸಿನಲ್ಲಿ ಕೂತ ಮೇಲೆ ಅತ್ತೆ ಅತ್ತರು. "ಗದ್ದೆ ಉಳೀತು, ತವರು ಓಯ್ತು ಕಣೇ. ಮಡಿಲು ತುಂಬಿದ್ದೂ ಸುಳ್ಳಾಯ್ತು. ಈ ಅಕ್ಕೀನ ಏನ್ ಮಾಡ್ಲಿ, ಒಳೇಗ್ ಸುರೀಲಾ?" ಅಂದರು. ನನ್ನ ಸಂಭ್ರಮಕ್ಕೆ ನನಗೇ ನಾಚಿಕೆಯಾಯಿತು.

ಮುಂದಿನ ಸೀಟಿನಿಂದ ಕಂಡಕ್ಟರಣ್ಣ ತಿರುಗಿದರು. ಅವರ ಯಾವ ಗುಣ ಮರೆತರೂ ಅವತ್ತು ಅವರು ಆಡಿದ ಮಾತು ನನಗೆ ಮರೆಯುವುದಿಲ್ಲ. "ಸುರೀಬ್ಯಾಡ ಕಣವ್ವ. ಅಕ್ಕಿ ಏನ್ ತಪ್ ಮಾಡ್ಯದೆ? ಬೇಸು. ಅವನ್ನೂ ಕರಿ ಉಣ್ಣಕೆ," ಅಂದರು.

ನಾನು ಬೆಂಕಿಯಾದೆ. "ಏನಣ್ಣ ನೀವು ಹೇಳ್ತಿರೋದು? ಆ ಕಳ್ಳನನ್ನ?"

"ಟೀಚ್ರಮ್ಮ, ಇವತ್ ಬಾಗ್ಲು ಆಕ್ಬುಟ್ರೆ ಈಯಮ್ಮ ಒಂಟಿ ಆಯ್ತಳೆ. ಒಂಟಿಯಾದ್ರೆ ಯಾವನ್ ಬಂದು ಅವ್ವಾ ಅಂದ್ರೂ ಎಬ್ಬೆಟ್ ಒತ್ತಾಳೆ. ಅವ ಬರ್ಲಿ. ನೀವೂ ವಾರ ವಾರ ಬನ್ನಿ, ನಾನೂ ಬತ್ತೀನಿ. ನಾಕ್ ಜನ ಇರೋ ಮನೇಲಿ ಅವ ಏನ್ ಪಿಸುಗುಟ್ತಾನೆ ನೋಡಾಣ!" ಮತ್ತೆ ಇಡೀ ಬಸ್ಸು ತಿರುಗಿ ನೋಡಿತು.

ಮುಂದಿನ ಭಾನುವಾರ ಹುಲ್ಲಹಳ್ಳಿಯಲ್ಲಿ ಆ ಅಕ್ಕಿ, ಆ ಬೆಲ್ಲ, ಆ ಕೊಬ್ಬರಿ ಎಲ್ಲ ಸೇರಿ ಪಾಯಸವಾಯಿತು. ಅತ್ತೆ ತಾವೇ ಫೋನ್ ಮಾಡಿ ಅವನನ್ನು ಕರೆದಿದ್ದರು. ಬರುವುದಿಲ್ಲ ಅಂತ ನಾನು ಪಂಥ ಕಟ್ಟಿದ್ದೆ. ಬಂದ! ಒಬ್ಬನೇ, ಬಸ್ಸಿನಲ್ಲಿ. ಕಂಡಕ್ಟರಣ್ಣ ಏನೂ ಆಗಿಲ್ಲವೆಂಬಂತೆ, "ಬಾಪ್ಪ, ಮುಂದಕ್ ಬಾ, ಇಲ್ ಜಾಗ ಅದೆ," ಅಂತ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಅವನು ಎಲೆಯಿಂದ ತಲೆ ಎತ್ತಲಿಲ್ಲ. ಅತ್ತೆ ಎಲ್ಲರಿಗೂ ಬಡಿಸಿದ ಹಾಗೆಯೇ ಅವನಿಗೂ ಬಡಿಸಿದರು, ಸಾಕು ಅಂದರೂ ಮತ್ತೊಂದು ಸೌಟು ಹಾಕಿದರು. ಊಟ ಮುಗಿದ ಮೇಲೆ ಎಟಿಎಂ ಕಾರ್ಡನ್ನು ಎಲೆಯ ಪಕ್ಕ ಇಟ್ಟು ಎದ್ದ. ಸರ ದೀಪಾವಳಿಯೊಳಗೆ ಬಿಡಿಸಿ ತರುತ್ತೇನೆ ಅಂದ. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದ.

ಹೊಸಿಲು ದಾಟಿ ಚಪ್ಪಲಿ ಮೆಟ್ಟಿದವನು ಹೋಗದೆ ನಿಂತ. "ಅತ್ತೆ, ಬರೋ ವರ್ಸ ಗೌರಿ ಅಬ್ಬಕ್ಕೆ ಮಡಿಲಕ್ಕಿ ತಕ್ಕಂಡು ನಾನ್ ಬರ್ಲಾ?"

ಅತ್ತೆ ಎಲೆ ಎತ್ತುತ್ತಿದ್ದರು. ನಿಂತು, ಬೀದಿಯ ಕೊನೆಗೂ ಕೇಳಿಸುವಂತೆ ಹೇಳಿದರು.

"ಬಾ. ಬರಿಗೈಲಿ ಬಾ."